ಹಾಡು ಮೊದಲು ಕಿವಿಯಲ್ಲಿ ಹುಟ್ಟುತ್ತದೆ

ಕಳೆದ ಬೇಸಿಗೆಯ ಶಿಬಿರದಲ್ಲಿ, ರಾತ್ರಿಯ ಊಟದ ಬಳಿಕ ಎಲ್ಲರೂ ಅಂಗಳದಲ್ಲಿ ಕುಳಿತಿದ್ದಾಗ, ಪದವಿ ತರಗತಿಯ ವಿದ್ಯಾರ್ಥಿನಿಯೊಬ್ಬಳು ನನ್ನನ್ನು ಕೇಳಿದಳು: “ಸರ್, ಜಾಥಾಗಳಿಗೆಂದು ಇಷ್ಟೊಂದು ಹಾಡು ಬರೆದಿದ್ದೀರಿ. ಹಾಡು ನಿಮಗೆ ಹೇಗೆ ಹೊಳೆಯುತ್ತದೆ? ಕಾಡಿನಲ್ಲಿ ಒಬ್ಬರೇ ಕುಳಿತಾಗಲೋ, ಹೊಳೆಯ ದಡದಲ್ಲೋ?” ಏನೋ ಹೇಳಿ ಆ ಹೊತ್ತಿಗೆ ನುಣುಚಿಕೊಂಡೆ. ಆದರೆ ಆ ಪ್ರಶ್ನೆ ನನ್ನನ್ನು ಬಿಡಲಿಲ್ಲ. ಒಬ್ಬಂಟಿಯಾಗಿ ಕುಳಿತು ಬರೆದ ನನ್ನ ಹಾಡುಗಳಲ್ಲಿ ಒಂದನ್ನೂ ಇಂದು ಯಾರೂ ಹಾಡುತ್ತಿಲ್ಲ. ಈಗಲೂ ಜನರ ಬಾಯಲ್ಲಿ ಉಳಿದಿರುವ ನಾಲ್ಕಾರು ಹಾಡುಗಳು ಮತ್ತೊಬ್ಬರ ಮಾತಿನಿಂದ ಹುಟ್ಟಿದಂಥವು. ಆ ವಿದ್ಯಾರ್ಥಿನಿಗೆ ಅಂದು ಕೊಡಲಾಗದ ಉತ್ತರವನ್ನು ಈ ಪುಟಗಳಲ್ಲಿ ಕೊಡಲು ಯತ್ನಿಸುತ್ತೇನೆ. ಅದಕ್ಕಾಗಿ ಓದುಗರನ್ನು ಬೆಟ್ಟದಿಂದ ಕೆಳಗಿಳಿಸಿ, ನಾನು ಹುಟ್ಟಿ ಬೆಳೆದ ಬಯಲಿಗೆ ಕರೆದೊಯ್ಯಬೇಕಾಗಿದೆ.

ಮೇಷ್ಟ್ರ ಕೆಲಸದ ಮೇಲೆ ನಾನು ಮಲೆನಾಡಿಗೆ ಬಂದು ಮೂವತ್ತು ವರ್ಷಗಳ ಮೇಲಾಯಿತು. ನನ್ನ ಹುಟ್ಟೂರು ವಿಜಯಪುರ ಜಿಲ್ಲೆಯ ಇಂಡಿ ತಾಲ್ಲೂಕಿನದು. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಎಂಬ ಈ ನಾಲ್ಕು ಹೆಸರುಗಳನ್ನು ಮಲೆನಾಡಿನ ಮಕ್ಕಳು ಬರಗಾಲದ ಸುದ್ದಿಯಲ್ಲಿ ಮಾತ್ರ ಕೇಳಿರಬಹುದು. ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿಲಿಮೀಟರ್ ಮೀರಿ ಸುರಿಯುವ ಮಳೆ ಅಲ್ಲಿ 600 ಮಿಲಿಮೀಟರಿನ ಆಸುಪಾಸಿನಲ್ಲಿ ನಿಂತುಬಿಡುತ್ತದೆ. ಆದರೂ ಆ ಬಯಲಿಗೂ ಬೆಟ್ಟಕ್ಕೂ ನೀರಿನ ನಂಟಿದೆ. ಇಂಡಿ, ಸಿಂದಗಿಗಳ ಅಂಚಿನಲ್ಲಿ ಹರಿಯುವ ಭೀಮೆ ಹುಟ್ಟುವುದು ಭೀಮಾಶಂಕರದಲ್ಲಿ. ಬಾಗೇವಾಡಿ, ಮುದ್ದೇಬಿಹಾಳಗಳ ಕಡೆಯ ಕೃಷ್ಣೆ ಹುಟ್ಟುವುದು ಮಹಾಬಳೇಶ್ವರದಲ್ಲಿ. ಎರಡೂ ನಮ್ಮ ಸಹ್ಯಾದ್ರಿಯದೇ ಉತ್ತರದ ಮಡಿಲು. ಬೆಟ್ಟದ ನೀರು ಬಯಲಿಗೆ ಹೋಗುತ್ತದೆ. ಬಯಲಿನ ಹಾಡು ಬೆಟ್ಟಕ್ಕೆ ಬರಲಿ ಎಂಬುದು ನನ್ನ ಆಸೆ.

ಬೀಸುಕಲ್ಲಿನ ಪಾಠ

ನಾನು ಕೇಳಿದ ಮೊದಲ ಹಾಡು ಬೀಸುಕಲ್ಲಿನ ಹಾಡು. ನಸುಕಿನಲ್ಲಿ, ಕೋಳಿ ಕೂಗುವುದಕ್ಕೂ ಮುಂಚೆ, ನಮ್ಮವ್ವ ಮತ್ತು ದೊಡ್ಡವ್ವ ಕಲ್ಲಿನ ಎರಡು ಬದಿಗೆ ಎದುರುಬದುರಾಗಿ ಕೂರುತ್ತಿದ್ದರು. ಒಂದೇ ಗೂಟಕ್ಕೆ ಇಬ್ಬರ ಕೈ. ಒಬ್ಬಾಕೆ ಇನ್ನೊಂದು ಕೈಯಿಂದ ಬಿಳಿಜೋಳವನ್ನು ಹಿಡಿಹಿಡಿಯಾಗಿ ಕಲ್ಲಿನ ಬಾಯಿಗೆ ಹಾಕುವಳು. ಕಲ್ಲು ಒಂದು ವೇಗಕ್ಕೆ ಬಂದ ಮೇಲೆ ಹಾಡು ತಾನಾಗಿ ಶುರುವಾಗುತ್ತಿತ್ತು. ಹೊದಿಕೆಯೊಳಗೆ ಮಲಗಿದ್ದ ನನಗೆ ಹಾಡು ಯಾವುದು, ಕಲ್ಲಿನ ಸದ್ದು ಯಾವುದು ಎಂದು ಬೇರ್ಪಡಿಸಲು ಬರುತ್ತಿರಲಿಲ್ಲ. ತುಸು ದೊಡ್ಡವನಾದ ಮೇಲೆ ಒಮ್ಮೆ ಹಗಲಿನಲ್ಲಿ ಆ ಹಾಡು ಹೇಳಿಕೊಡೆಂದು ಕೇಳಿದೆ. ಅವ್ವನಿಗೆ ನೆನಪಾಗಲಿಲ್ಲ. “ಕೈ ನಿಂತ್ರ ಬಾಯೀನೂ ನಿಲ್ತೈತಿ, ತಮ್ಮಾ. ಕಲ್ಲು ತಿರುಗಿದ್ರ ತಾನ ಬರ್ತೈತಿ” ಎಂದಳು. ಹಾಡಿನ ವಿಷಯದಲ್ಲಿ ನಾನು ಕಲಿತ ಮೊದಲ ಪಾಠವದು.

ಆ ಹಾಡುಗಳು ಹೆಚ್ಚಾಗಿ ತ್ರಿಪದಿಯಲ್ಲಿದ್ದವು. ಕನ್ನಡದಲ್ಲಿ ತ್ರಿಪದಿಯ ವಯಸ್ಸು ಸಣ್ಣದಲ್ಲ. ಬಾದಾಮಿಯ ಬಂಡೆಯ ಮೇಲೆ ಸುಮಾರು ಕ್ರಿ.ಶ. 700ರಲ್ಲಿ ಕೊರೆದ ಕಪ್ಪೆ ಅರಭಟ್ಟನ ಶಾಸನದಲ್ಲಿಯೇ ತ್ರಿಪದಿಗಳಿವೆ. ಬಾದಾಮಿ 1997ರಲ್ಲಿ ಬಾಗಲಕೋಟೆ ಜಿಲ್ಲೆಗೆ ಸೇರುವವರೆಗೂ ನಮ್ಮ ಜಿಲ್ಲೆಯದೇ ಊರಾಗಿತ್ತು. ಬರೆದಾಗ ತ್ರಿಪದಿಗೆ ಮೂರು ಸಾಲು. ಹಾಡುವಾಗ ಹೆಂಗಸರು ಎರಡನೆಯ ಸಾಲನ್ನು ಮತ್ತೆ ಎತ್ತಿಕೊಂಡು ಮೂರನೆಯದಕ್ಕೆ ಹೋಗುತ್ತಾರೆ. ಪುಸ್ತಕದಲ್ಲಿ ಓದುವವರಿಗೆ ಈ ಮರುಕಳಿಕೆ ಬರಿಯ ರೂಢಿಯೆನ್ನಿಸಬಹುದು. ಕಲ್ಲಿನ ಮುಂದೆ ಕುಳಿತವರಿಗೆ ಅದರ ಪ್ರಯೋಜನ ತಿಳಿದಿತ್ತು. ಎರಡನೆಯ ಸಾಲು ಮತ್ತೊಮ್ಮೆ ಸುತ್ತಿ ಬರುವಷ್ಟರಲ್ಲಿ ಮೂರನೆಯ ಸಾಲು ನೆನಪಾಗಬೇಕು. ನೆನಪಾಗದಿದ್ದರೆ ಹೊಸದಾಗಿ ಹುಟ್ಟಬೇಕು. ಹೊಸ ಸಾಲುಗಳು ಹೀಗೆಯೇ ಸೇರಿಕೊಂಡಿರಬೇಕೆಂದು ನನ್ನ ಊಹೆ. ಹೊಳೆಯುವಿಕೆ ಎಂಬುದಕ್ಕೆ ಅಲ್ಲಿ ಸಿಗುತ್ತಿದ್ದ ಬಿಡುವು ಕಲ್ಲಿನ ಒಂದೆರಡು ಸುತ್ತಿನಷ್ಟು ಮಾತ್ರ.

ಹಲಸಂಗಿಯ ನಾಲ್ವರು

ಈ ಹಾಡುಗಳಿಗೆ ಕಿವಿಗೊಟ್ಟವರ ಕಥೆಯೂ ನಮ್ಮ ಸೀಮೆಯದೇ. ಹಿಂದೆ ಇಂಡಿ ತಾಲ್ಲೂಕಿನಲ್ಲಿದ್ದು ಈಗ ಚಡಚಣ ತಾಲ್ಲೂಕಿಗೆ ಸೇರಿರುವ ಹಲಸಂಗಿ ಎಂಬ ಹಳ್ಳಿಯ ಸುತ್ತ, ಕಳೆದ ಶತಮಾನದ ಇಪ್ಪತ್ತು, ಮೂವತ್ತರ ದಶಕಗಳಲ್ಲಿ ಗೆಳೆಯರ ಗುಂಪೊಂದು ಕೂಡಿತು. ಮಧುರಚೆನ್ನ, ಸಿಂಪಿ ಲಿಂಗಣ್ಣ, ಪಿ. ಧೂಲಾಸಾಹೇಬ, ಕಾಪಸೆ ರೇವಪ್ಪ ಇವರನ್ನು ಕನ್ನಡ ಸಾಹಿತ್ಯ ಲೋಕ ‘ಹಲಸಂಗಿ ಗೆಳೆಯರು’ ಎಂದೇ ಕರೆಯುತ್ತದೆ. ವಿಶ್ವವಿದ್ಯಾಲಯದ ಆಸರೆಯಾಗಲಿ, ಧ್ವನಿಮುದ್ರಣ ಯಂತ್ರವಾಗಲಿ ಇಲ್ಲದ ಕಾಲದಲ್ಲಿ ಇವರು ಹಳ್ಳಿಯ ಹೆಣ್ಣುಮಕ್ಕಳ ಬಾಯಿಂದ ಹಾಡುಗಳನ್ನು ಕೇಳಿ ಬರೆದುಕೊಂಡರು. 1931ರಲ್ಲಿ ‘ಗರತಿಯ ಹಾಡು’, 1933ರಲ್ಲಿ ‘ಜೀವನ ಸಂಗೀತ’, 1935ರಲ್ಲಿ ‘ಮಲ್ಲಿಗೆ ದಂಡೆ’ ಹೊರಬಂದವು. ಬೀಸುಕಲ್ಲಿನ ಮುಂದಿನ ಮಾತು ಸಾಹಿತ್ಯವೆಂದು ಓದಿದವರು ಒಪ್ಪುವಂತಾಗಲು ಈ ಪುಸ್ತಕಗಳು ದೊಡ್ಡ ಕಾರಣ. ಈ ಗೆಳೆಯರೊಡನೆ ಧಾರವಾಡದ ಬೇಂದ್ರೆಯವರಿಗೆ ಆಳವಾದ ಸ್ನೇಹವಿತ್ತು. ಅವರ ಕಾವ್ಯಕ್ಕೂ ಈ ಜನಪದ ದನಿಗೂ ಇರುವ ಬಂಧುತ್ವವನ್ನು ಓದುಗರು ಬಲ್ಲರು.

ನನ್ನ ವಾದಕ್ಕೆ ಮುಖ್ಯವಾದವರು ಮಧುರಚೆನ್ನರು. ಚೆನ್ನಮಲ್ಲಪ್ಪ ಗಲಗಲಿ ಎಂಬ ಹೆಸರಿನ ಇವರು ಬದುಕಿದ್ದು 1903ರಿಂದ 1953ರವರೆಗೆ, ಐವತ್ತೇ ವರ್ಷ. ಶಾಲೆಯ ಓದು ಹೆಚ್ಚಿನದಲ್ಲ. ಉಳಿದದ್ದನ್ನು ಹಳ್ಳಿಯಲ್ಲಿದ್ದುಕೊಂಡೇ ಸ್ವಂತವಾಗಿ ಓದಿಕೊಂಡರು. ಅವರ ಒಳಗಿದ್ದ ಹಸಿವು ಅಧ್ಯಾತ್ಮದ್ದು. ಮುಂದೆ ಅವರು ಅರವಿಂದರ ಅನುಯಾಯಿಯಾದರು. ಇಂಥ ಸಾಧಕ ಕವಿಯೊಬ್ಬ ತನ್ನ ಅನುಭವವನ್ನು ಹೇಳಲು ಸಂಸ್ಕೃತದ ತತ್ತ್ವಪದಗಳನ್ನೋ ಹಳಗನ್ನಡದ ಪ್ರೌಢಿಯನ್ನೋ ಆರಿಸಿಕೊಳ್ಳಬಹುದಿತ್ತು. ‘ನನ್ನ ನಲ್ಲ’ ಎಂಬ ತಮ್ಮ ದೀರ್ಘ ಕವಿತೆಯಲ್ಲಿ ಅವರು ಹಾಗೆ ಮಾಡಲಿಲ್ಲ. ದೇವರನ್ನು ಹುಡುಕುವ ತಮ್ಮ ಸಂಕಟಕ್ಕೆ ನಲ್ಲನನ್ನು ಹಂಬಲಿಸುವ ಹೆಣ್ಣಿನ ದನಿಯನ್ನು ಕೊಟ್ಟರು. ಜನಪದ ಹಾಡಿನ ನಡಿಗೆಯನ್ನೂ ಆಡುನುಡಿಯ ಬನಿಯನ್ನೂ ಆಯ್ದುಕೊಂಡರು.

ಆ ಹಾಡಿಗೆ ಪ್ರೇರಣೆ ಯಾವುದೆಂದು ಕೇಳಿದರೆ ‘ಅಧ್ಯಾತ್ಮ’ ಎಂದು ವಿಮರ್ಶಕರು ಉತ್ತರಿಸಬಹುದು. ಅದು ನಿಜವೂ ಹೌದು. ಆದರೆ ಅನುಭವ ಅವರದಾದರೂ ಅದು ಹೊರಬರಲು ಬಾಯಿ ಬೇಕಿತ್ತಲ್ಲವೇ? ಆ ಬಾಯನ್ನು ಕೊಟ್ಟವರು ನಸುಕಿನಲ್ಲಿ ಜೋಳ ಬೀಸುತ್ತಿದ್ದ ಹೆಂಗಸರು. ಆ ಹಾಡುಗಳ ನಡುವೆ ಬೆಳೆದು, ಅವುಗಳನ್ನು ಕೂಡಿಹಾಕಲು ಶ್ರಮಿಸಿದ ಕಿವಿ ಆ ಕವಿತೆಯ ಹಿಂದೆ ಇದೆ. ಹಾಡು ಕಟ್ಟುವವನ ಅರ್ಹತೆ ಮೊದಲು ಅವನ ಕಿವಿಯಲ್ಲಿದೆ ಎಂದು ನಾನು ನಂಬುವುದು ಈ ಉದಾಹರಣೆಯಿಂದ.

ಕೆಲಸವಿದ್ದಲ್ಲಿ ಹಾಡು

ಹಾಡು ಬೀಸುಕಲ್ಲಿಗೆ ಮಾತ್ರ ಸೇರಿದ್ದಲ್ಲ. ಹಿಂಗಾರಿನ ಜೋಳ ಕಟಾವಾಗಿ ಕಣಕ್ಕೆ ಬಂದಾಗ, ನಡುವೆ ಮೇಟಿ ನೆಟ್ಟು, ಸುತ್ತಲೂ ತೆನೆ ಹರವಿ, ಸಾಲಾಗಿ ಕಟ್ಟಿದ ಎತ್ತುಗಳಿಂದ ತುಳಿಸುವ ರಾತ್ರಿಗಳಲ್ಲಿ ಗಂಡಸರು ಹಂತಿ ಪದ ಹಾಡುತ್ತಿದ್ದರು. ಎತ್ತು ನಿಲ್ಲಬಾರದು, ಆಳು ತೂಕಡಿಸಬಾರದು, ಅದಕ್ಕಾಗಿ ಹಾಡು. ಮೊಹರಮ್ಮಿನಲ್ಲಿ ಹಿಂದೂ ಮುಸಲ್ಮಾನರಿಬ್ಬರೂ ಕೂಡಿ ಕನ್ನಡದಲ್ಲಿ ಹಾಡುವ ರಿವಾಯತ ಪದಗಳು, ಗೀಗೀ ಮೇಳಗಳ ಸವಾಲು ಜವಾಬು, ಡೊಳ್ಳಿನ ಪದ, ಸೋಬಾನೆ ಹೀಗೆ ಒಂದೊಂದು ಹೊತ್ತಿಗೂ ಒಂದೊಂದು ಹಾಡಿತ್ತು. ಸಿಂದಗಿಗೆ ನೆರೆಯದಾದ ಜೇವರ್ಗಿ ಸೀಮೆಯ ಕಡಕೋಳ ಮಡಿವಾಳಪ್ಪನವರ ತತ್ವಪದಗಳು ಏಕತಾರಿಯೊಡನೆ ಹೊಲದಿಂದ ಹೊಲಕ್ಕೆ ದಾಟಿದವು. ಅವರ ಶಿಷ್ಯಪರಂಪರೆಯಲ್ಲಿ ಚೆನ್ನೂರ ಜಲಾಲಸಾಹೇಬರಂಥವರೂ ಇದ್ದರು.

ಇನ್ನು ಹನ್ನೆರಡನೆಯ ಶತಮಾನಕ್ಕೆ ಹೋದರೆ, ಬಸವಣ್ಣನವರು ಹುಟ್ಟಿದ್ದು ಇದೇ ಬಾಗೇವಾಡಿಯಲ್ಲಿ. ಸಂಗೀತದ ಲೆಕ್ಕಾಚಾರ ತನಗೆ ತಿಳಿಯದು, ಒಲವು ನಡೆಸಿದ ಹಾಗೆ ಹಾಡುವವನು ತಾನು ಎಂಬ ಅರ್ಥದ ಅವರ ವಚನವನ್ನು ಹಲವರು ಬಲ್ಲರು. ಅವರ ಸುತ್ತ ನೆರೆದು ವಚನ ಕಟ್ಟಿದವರಲ್ಲಿ ದೋಣಿ ನಡೆಸುವವರು, ಬುಟ್ಟಿ ಹೆಣೆಯುವವರು, ಅಕ್ಕಿ ಆಯುವವರು ಇದ್ದರು. ಅವರೆಲ್ಲ ತಮ್ಮ ಕಾಯಕದ ಉಪಕರಣಗಳ ಹೆಸರನ್ನೇ ಹಿಡಿದು ಶಿವನೊಡನೆ ಮಾತನಾಡಿದರು. ಬಸವಣ್ಣನವರ ಮಡದಿ, ಸ್ವತಃ ವಚನಕಾರ್ತಿಯಾದ ನೀಲಮ್ಮನವರ ನೆನಪಿನ ತಾಣ ಮುದ್ದೇಬಿಹಾಳ ಸೀಮೆಯ ತಂಗಡಗಿಯಲ್ಲಿ, ಕೃಷ್ಣೆಯ ದಡದಲ್ಲಿದೆ. ಎಂಟು ನೂರು ವರ್ಷಗಳಲ್ಲಿ ಈ ನೆಲದ ಹಾಡು ಹಲವು ವೇಷ ತೊಟ್ಟಿದೆ. ಆದರೆ ದುಡಿಮೆಯ ಹೆಸರುಗಳನ್ನು ಬಿಟ್ಟುಕೊಟ್ಟಿಲ್ಲ.

ಮರದ ಹೆಸರಿಲ್ಲದ ಕಾಡು

ಇಷ್ಟೆಲ್ಲ ಕೇಳಿ ಬೆಳೆದಿದ್ದ ನಾನು ಮಲೆನಾಡಿಗೆ ಬಂದು ಮಾಡಿದ ತಪ್ಪನ್ನು ಈಗ ಹೇಳಬೇಕು. ಪಾದಯಾತ್ರೆಯೊಂದಕ್ಕೆ ಹಾಡು ಬೇಕೆಂದು ಗೆಳೆಯರು ಕೇಳಿದರು. ಕರಪತ್ರವನ್ನು ಮುಂದಿಟ್ಟುಕೊಂಡು ಒಂದೇ ರಾತ್ರಿಯಲ್ಲಿ ಬರೆದು ಮುಗಿಸಿದೆ. ಅದರಲ್ಲಿ ‘ವಿನಾಶ’ವಿತ್ತು, ‘ಸಂರಕ್ಷಣೆ’ಯಿತ್ತು, ‘ಏಳಿರಿ’ ಎಂಬ ಕರೆಯಿತ್ತು, ಪ್ರಾಸವೂ ಸರಿಯಾಗಿತ್ತು. ಮೊದಲ ಮೈಲಿಯವರೆಗೆ ಹುಡುಗರು ಹಾಡಿದರು. ಆಮೇಲೆ ಪಲ್ಲವಿ ಮಾತ್ರ ಉಳಿಯಿತು. ಕೊನೆಗೆ ಅದೂ ನಿಂತುಹೋಗಿ ಎಲ್ಲರೂ ಸುಮ್ಮನೆ ನಡೆದರು. ರಾತ್ರಿ ತಂಗಿದ್ದ ಮನೆಯಲ್ಲಿ ಅಡಿಕೆ ಸುಲಿಯುತ್ತಿದ್ದ ಅಜ್ಜಿಯೊಬ್ಬರು, “ಮೇಷ್ಟ್ರೇ, ನಿಮ್ಮ ಹಾಡಲ್ಲಿ ಕಾಡು ಕಾಡು ಅಂತ ಎಂಟು ಸಲ ಬಂತು. ಒಂದು ಮರದ ಹೆಸ್ರೂ ಇಲ್ವಲ್ಲ?” ಎಂದರು. ಗೇಲಿಯ ಮಾತಲ್ಲ ಅದು. ನಿಜವಾಗಿಯೂ ಅವರಿಗೆ ಆಶ್ಚರ್ಯವಾಗಿತ್ತು.

ನನಗೆ ನಾಚಿಕೆಯಾಯಿತು. ನಮ್ಮೂರಿನ ಹೆಂಗಸರ ಹಾಡಿನಲ್ಲಿ ‘ಭೂಮಿ’ ಎಂಬ ಪದ ನಾನು ಕೇಳಿದ್ದು ಕಡಿಮೆ. ಎರಿ ಹೊಲ, ಮಸಾರಿ, ಮಡ್ಡಿ ಎಂಬ ಹೆಸರುಗಳನ್ನು ಕೇಳಿದ್ದೆ. ‘ಬೆಳೆ’ ಎಂದಷ್ಟೇ ಅವರು ಹಾಡಿದವರಲ್ಲ. ಸಜ್ಜೆ, ತೊಗರಿ, ಕುಸುಬೆ, ಅಗಸೆ ಎಂದು ಬೇರೆಬೇರೆಯಾಗಿ ಕರೆದರು. ಅಂದು ಅಜ್ಜಿಯ ಬಳಿ ಕುಳಿತು ಸುತ್ತಲಿನ ಮರಗಳ ಹೆಸರು ಕೇಳಿದೆ. ಹೊನ್ನೆ, ಮತ್ತಿ, ನಂದಿ, ವಾಟೆ, ಉಪ್ಪಾಗೆ, ಮುರುಗಲು ಎಂದು ಅವರು ಹೇಳುತ್ತಾ ಹೋದರು. ಯಾವುದರ ಹಣ್ಣು ಯಾವ ಮಳೆಗೆ, ಯಾವುದರ ಸೊಪ್ಪು ಯಾವ ಕೊಟ್ಟಿಗೆಗೆ ಎಂಬುದನ್ನೂ ಸೇರಿಸಿದರು. ಮರುದಿನದ ಹಾಡು ಆ ಪಟ್ಟಿಯಿಂದಲೇ ಆಯಿತು. ಅದರಲ್ಲಿ ‘ಉಳಿಸಿರಿ’ ಎಂಬ ಪದ ಒಂದು ಸಲವೂ ಇಲ್ಲ. ಜನ ಇಂದಿಗೂ ಅದನ್ನು ಹಾಡುತ್ತಾರೆ. ತಮ್ಮೂರಿನ ಮರಗಳನ್ನು ಸೇರಿಸಿ ನುಡಿಗಳನ್ನು ಬೆಳೆಸಿಯೂ ಇದ್ದಾರೆ. ನಾನು ಬರೆಯದ ನುಡಿಗಳೇ ಈಗ ಹೆಚ್ಚು.

ಚಳವಳಿಗಳ ಚರಿತ್ರೆಯೂ ಇದನ್ನೇ ಹೇಳುತ್ತದೆ. 1973ರಲ್ಲಿ ಹಿಮಾಲಯದ ಮಡಿಲಲ್ಲಿ ಆರಂಭವಾದ ಚಿಪ್ಕೊ ಚಳವಳಿಯ ಜೊತೆಗೆ ಘನಶ್ಯಾಮ ‘ಸೈಲಾನಿ’ ಎಂಬ ಜನಪದ ಕವಿ ನಡೆದರು. ಗಢವಾಲಿನ ಹಳ್ಳಿಗಳಿಗೆ ಅಲ್ಲಿನ ಮಾತಿನಲ್ಲಿಯೇ ಹಾಡಿದರು. 1983ರ ಸೆಪ್ಟೆಂಬರ್‌ನಲ್ಲಿ ಶಿರಸಿ ತಾಲ್ಲೂಕಿನ ಸಾಲ್ಕಣಿಯ ಜನ ಮರಗಳನ್ನು ಅಪ್ಪಿಕೊಂಡಾಗ ಆ ಚಳವಳಿಗೆ ‘ಅಪ್ಪಿಕೊ’ ಎಂಬ ಕನ್ನಡದ ಹೆಸರು ಒದಗಿತು. ತಾಯಿ ಮಗುವಿಗೆ ಹೇಳುವ ಮಾತು ಅದು. ಯಾವ ಘೋಷಣೆಯಲ್ಲೂ ಇಲ್ಲದ ಬಲ ಆ ಮನೆಮಾತಿನಲ್ಲಿತ್ತು.

ಮುಳುಗಿದ ಹೆಸರುಗಳು

ಹೆಸರುಗಳ ಬಗ್ಗೆ ಇಷ್ಟು ಒತ್ತಿ ಹೇಳಲು ಕಾರಣವಿದೆ. ಶರಾವತಿ ಕಣಿವೆಯವರಿಗೆ 1964 ಎಂದರೆ ಲಿಂಗನಮಕ್ಕಿ. ಅದೇ 1964ರ ಮೇ ತಿಂಗಳಲ್ಲಿ, ಆಗಿನ ಬಾಗೇವಾಡಿ ತಾಲ್ಲೂಕಿನ ಆಲಮಟ್ಟಿಯಲ್ಲಿ ಕೃಷ್ಣೆಗೆ ಅಡ್ಡಲಾಗಿ ಅಣೆಕಟ್ಟಿನ ಅಡಿಗಲ್ಲು ಬಿತ್ತು. ಆಲಮಟ್ಟಿ, ನಾರಾಯಣಪುರ ಜಲಾಶಯಗಳಿಂದಾಗಿ ನೂರಕ್ಕೂ ಹೆಚ್ಚು ಹಳ್ಳಿಗಳೂ ಹಳೆಯ ಬಾಗಲಕೋಟೆಯ ಒಂದು ಭಾಗವೂ ನೆಲೆ ಕಳೆದುಕೊಂಡವು. ನೀರಾವರಿಯಿಂದ ಬಹಳ ಹೊಲಗಳು ಹಸಿರಾದದ್ದು ಸುಳ್ಳಲ್ಲ. ಬರವನ್ನು ಕಂಡ ನಾನು ಅದನ್ನು ಹಗುರವಾಗಿ ಕಾಣಲಾರೆ. ಆದರೆ ಪುನರ್ವಸತಿಯ ಲೆಕ್ಕದಲ್ಲಿ ಮನೆಗೆ ಇಷ್ಟು, ಎಕರೆಗೆ ಇಷ್ಟು ಎಂದಿತ್ತೇ ಹೊರತು, ಒಂದು ಹೊಲದ ಹೆಸರಿಗೆ ಇಷ್ಟೆಂದು ಯಾರೂ ಬರೆದಿರಲಿಲ್ಲ. ಬನ್ನಿ ಗಿಡದ ಹೊಲ, ಹಿರೇಬಾವಿ, ಅಗಸಿ ಕಟ್ಟೆ ಎಂದು ಹಾಡಿನಲ್ಲಿ ಬರುವ ಜಾಗಗಳು ನೀರಿನಡಿ ಹೋದ ಮೇಲೆ ಆ ಹಾಡನ್ನು ಮೊಮ್ಮಗಳು ಕಲಿತರೂ ಅವಳ ಕಣ್ಣ ಮುಂದೆ ಏನೂ ಬರುವುದಿಲ್ಲ. ಹೆಸರು ಹೋದ ಜಾಗದ ಪರವಾಗಿ ಮಾತನಾಡುವವರೂ ಇರುವುದಿಲ್ಲ. ಬೆಟ್ಟದ ಜನರಾದ ನಾವು ಇದನ್ನು ಮರೆಯುವಂತಿಲ್ಲ.

ಗಿರಣಿ ಬಂದದ್ದು ಒಳ್ಳೆಯದೇ

ಇಲ್ಲಿಗೆ ಒಂದು ಆಕ್ಷೇಪ ಬರುವುದು ಸಹಜ: “ಹಾಗಾದರೆ ಹೆಂಗಸರು ಮತ್ತೆ ಬೀಸುಕಲ್ಲಿನ ಮುಂದೆ ಕೂರಬೇಕೇ?” ಖಂಡಿತ ಬೇಡ. ನಮ್ಮೂರಿಗೆ ಹಿಟ್ಟಿನ ಗಿರಣಿ ಬಂದ ದಿನ ನಮ್ಮವ್ವ ಕಾಯಿ ಒಡೆಸಿದ್ದಳು. ಆಕೆಯ ಅಂಗೈಯ ಗಂಟು ಮಾಯಲು ವರ್ಷವೇ ಬೇಕಾಯಿತು. ಹಾಡು ಹೋಯಿತೆಂದು ಅವಳು ಅತ್ತದ್ದನ್ನು ನಾನು ಕಾಣೆ. ಇನ್ನೊಂದು ತಾಸು ಮಲಗಬಹುದೆಂದು ನಕ್ಕದ್ದನ್ನು ಕಂಡಿದ್ದೇನೆ. ಬೀಸುಕಲ್ಲನ್ನು ಹಾಡಿ ಹೊಗಳುವ ಗಂಡಸು ಒಂದು ವಾರ ಬೀಸಿ ನೋಡಲಿ. ಆ ಹಾಡುಗಳೂ ಎಲ್ಲವೂ ಪವಿತ್ರವೆಂದು ನಾನು ಹೇಳುವುದಿಲ್ಲ. ‘ಗರತಿ’ ಎಂಬ ಪದದ ಹಿಂದೆ ಹೆಣ್ಣಿಗೆ ಹಾಕಿದ ಕಟ್ಟುಪಾಡುಗಳಿವೆ; ಜಾತಿಯ ಗೋಡೆಗಳೂ ಹಾಡಿನಲ್ಲಿ ಉಳಿದಿವೆ. ಆದರೆ ತವರಿಗೆ ಹೋಗಲು ಬಿಡದ ಮನೆಯ ಬಗ್ಗೆ, ದಣಿವಿನ ಬಗ್ಗೆ, ಹಗಲಿನಲ್ಲಿ ಆಡಲಾಗದ್ದನ್ನೆಲ್ಲ ಆ ನಸುಕಿನಲ್ಲಿ ಆಡಿದವರೂ ಅದೇ ಹೆಂಗಸರು. ಉಳಿಯಬೇಕಾದದ್ದು ಆ ಕಷ್ಟವಲ್ಲ. ಕಷ್ಟಕ್ಕೆ ಮಾತು ಕೊಟ್ಟ ಆ ಜಾಣ್ಮೆ.

ಹಾಡು ಸತ್ತಿತೆಂದು ಕೊರಗುವವರ ಜೊತೆಗೂ ನಾನಿಲ್ಲ. ಇಂದು ನಮ್ಮ ಇಂಡಿ ಸೀಮೆಯ ಹೆಂಗಸರು ನಿಂಬೆಯ ತೋಟಗಳಿಗೆ ಟಂಟಂ ಹತ್ತಿ ಕೂಲಿಗೆ ಹೋಗುತ್ತಾರೆ. ಗುಳೆ ಹೊರಟ ಕುಟುಂಬಗಳು ಗೋವೆಗೂ ಪುಣೆಗೂ ಬಸ್ಸು ಹಿಡಿಯುತ್ತವೆ. ಟಂಟಂನಲ್ಲಿ ಮೊಬೈಲಿನ ಹಾಡು ಮೊಳಗುತ್ತಿರುತ್ತದೆ, ನಿಜ. ಆದರೆ ಅದರ ನಡುವೆಯೂ ಅವರು ಆಡುವ ಮಾತು, ಮಾಡುವ ಗೇಲಿ, ಹೇಳುವ ಗಾದೆ ಇದ್ದೇ ಇವೆ. ಹಲಸಂಗಿಯ ಗೆಳೆಯರು ತಮ್ಮ ಕಾಲದ ಕೆಲಸದ ಜಾಗಕ್ಕೆ ಹೋಗಿ ಕಿವಿಗೊಟ್ಟರು. ನಾವು ನಮ್ಮ ಕಾಲದ ಕೆಲಸದ ಜಾಗಕ್ಕೆ ಹೋಗಬೇಕು.

ವಿದ್ಯಾರ್ಥಿ ಮಿತ್ರರಲ್ಲಿ

ಅಂಕೋಲೆಯ ಬಡಿಗೇರಿಯ ಸುಕ್ರಿ ಬೊಮ್ಮಗೌಡರು 2025ರ ಫೆಬ್ರವರಿಯಲ್ಲಿ ತೀರಿಕೊಂಡರು. ಹಾಲಕ್ಕಿ ಸಮುದಾಯದ ಸಾವಿರಾರು ಹಾಡುಗಳು ಅವರ ನೆನಪಿನಲ್ಲಿದ್ದವು. 2017ರಲ್ಲಿ ಅವರಿಗೆ ಪದ್ಮಶ್ರೀ ಬಂದಿತ್ತು. ಸಾರಾಯಿ ವಿರುದ್ಧದ ಹೋರಾಟಕ್ಕೂ ಅವರು ಇಳಿದಿದ್ದರು. ಹಾಡುವ ಬಾಯಿ ಹೋರಾಡುವ ಬಾಯಿಯೂ ಆಗಿತ್ತು. ಅಂಥವರು ಪ್ರತಿ ಊರಿನಲ್ಲೂ ಪ್ರಶಸ್ತಿಯಿಲ್ಲದೆ ಕುಳಿತಿದ್ದಾರೆ. ನಿಮ್ಮ ಕೇರಿಯಲ್ಲಿ ನಾಟಿಯ ಹಾಡು ಬಲ್ಲವರು, ದೀಪಾವಳಿಯ ಅಂಟಿಗೆ ಪಂಟಿಗೆಯ ಪದ ಬಲ್ಲವರು ಎಷ್ಟು ಮಂದಿ ಉಳಿದಿದ್ದಾರೆಂದು ಈ ವಾರವೇ ಎಣಿಸಿ ನೋಡಿರಿ.

ನನ್ನ ಸಲಹೆ ಸರಳವಾದುದು. ಚಳವಳಿಗೆ ಹಾಡು ಬರೆಯಬೇಕೆನ್ನುವವರು ಮೊದಲು ಹತ್ತು ಹಾಡು ಕೇಳಿ ಬರೆದುಕೊಳ್ಳಲಿ. ಮೊಬೈಲಿನಲ್ಲಿ ಮುದ್ರಿಸಿಕೊಂಡರೆ ಸಾಲದು. ಕೈಯಲ್ಲಿ ಬರೆಯುವಾಗಲೇ ಪದ ಒಳಗಿಳಿಯುತ್ತದೆ. ಹಾಡಿದವರ ಒಪ್ಪಿಗೆ ಪಡೆದು ಅವರ ಹೆಸರು, ಊರು, ಯಾವ ಕೆಲಸದಲ್ಲಿ ಹಾಡುತ್ತಿದ್ದರು ಎಂಬುದನ್ನು ಪಕ್ಕದಲ್ಲಿ ಬರೆಯಿರಿ. ಹಾಡು ನಿಮ್ಮದಲ್ಲವೆಂಬ ಎಚ್ಚರ ಇರಲಿ. ತಿಳಿಯದ ಮರದ, ಹುಳುವಿನ, ಗದ್ದೆಯ ಹೆಸರು ಬಂದರೆ ಅದನ್ನು ತೋರಿಸಲು ಕೇಳಿ, ಹೋಗಿ ನೋಡಿರಿ. ಹನ್ನೊಂದನೆಯ ಹಾಡು ಬರೆಯುವ ಹೊತ್ತಿಗೆ ಪ್ರೇರಣೆಯ ಪ್ರಶ್ನೆ ನಿಮಗೆ ಉಳಿದಿರುವುದಿಲ್ಲ.

ಅಂದು ಪ್ರಶ್ನೆ ಕೇಳಿದ ವಿದ್ಯಾರ್ಥಿನಿಗೆ ಇಷ್ಟು ಹೇಳಬಯಸುತ್ತೇನೆ: ತಂಗೀ, ಹಾಡು ನನಗೆ ಹೊಳೆಯುವುದಿಲ್ಲ, ಯಾರೋ ಕೆಲಸ ಮಾಡುತ್ತಾ ಆಡಿದ ಮಾತು ಕಿವಿಗೆ ಬೀಳುತ್ತದೆ. ನಿನ್ನ ಅಜ್ಜಿ ನಾಳೆ ಬೆಳಿಗ್ಗೆ ಸೊಪ್ಪು ತರಲು ಹೊರಟಾಗ ಜೊತೆಗೆ ಹೋಗು. ಅವರು ಸುಮ್ಮನಿದ್ದರೆ ನೀನೂ ಸುಮ್ಮನಿರು. ಕೈ ಕೆಲಸಕ್ಕೆ ಹತ್ತಿದ ಮೇಲೆ ಬಾಯಿ ತಾನಾಗಿ ಬಿಚ್ಚಿಕೊಳ್ಳುತ್ತದೆ.